ಹೊರಗೆ ನಿಂತು ಕಟ್ಟಿದ ಬೇಲಿ

ಆಯುಧಪೂಜೆ ಮುಗಿದ ಮೇಲೆ ಹೊಸೂರಿನ ಹೂವಿನ ಮಾರುಕಟ್ಟೆಯ ಹಿಂದೆ ನಡೆದು ಹೋಗುವವರೆಲ್ಲ ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಹಿಡಿಯುತ್ತಾರೆ. ನಾನು ಹಿಡಿಯುವುದಿಲ್ಲ. ಮಾರಾಟವಾಗದೆ ಉಳಿದ ಚೆಂಡುಹೂವು, ಸೇವಂತಿಗೆ, ಗುಲಾಬಿ ರಾಶಿಯಾಗಿ ಬಿದ್ದು, ಅದರ ಮೇಲೊಂದು ಮಳೆ ಹೊಯ್ದು, ಮಾರನೆಯ ದಿನ ಬಿಸಿಲು ಕಾದರೆ ಏಳುವ ವಾಸನೆ ಇದೆಯಲ್ಲ, ಅದು ಅರ್ಧ ದೇವರಮನೆ, ಅರ್ಧ ಚರಂಡಿ. ಮೊನ್ನೆ ತರಕಾರಿ ಚೀಲ ಹಿಡಿದು ಬರುವಾಗ ಅದು ಮೂಗಿಗೆ ಬಡಿಯಿತು. ನಿಂತುಬಿಟ್ಟೆ. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದು, "ಏನಮ್ಮೋ, ಈ ನಾತದಾಗೆ ನಿಂತ್ಕಂಡು ಏನ್ ನೋಡ್ತಾ ಇದ್ದೀರ? ಅತ್ಲಾಗೆ ಸರೀರಿ" ಎಂದ. ಅವನಿಗೇನು ಗೊತ್ತು! ನನಗೆ ಆ ನಾತದೊಳಗೆ ಒಂದಿಡೀ ಮಳೆಗಾಲ ಕಾಣುತ್ತಿತ್ತು. ಯೋಗಕ್ಕ ಸೊಂಟಕ್ಕೆ ಸೆರಗು ಬಿಗಿದು ಊರಿಗೆ ಊರನ್ನೇ ಎದುರು ಹಾಕಿಕೊಂಡ ಮಳೆಗಾಲ.

ನಾನು ಇಲ್ಲಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವಳು. ತಮಿಳುನಾಡಿನಲ್ಲಿ ಕನ್ನಡ ಕಲಿಸುವ ಟೀಚರ್ ಅಂದಮೇಲೆ ಜಗಳ ನನಗೆ ಹೊಸದಲ್ಲ. ಮನೆ ಆಲಸನತ್ತಂನ ಕೊನೆಯ ಬೀದಿಯಲ್ಲಿ. ಅದರಾಚೆ ಒಂದು ಕೆರೆ. ನಾವು ಮನೆ ಕಟ್ಟಿಸುವಾಗ ಅದಕ್ಕೆ ಕೆರೆಯೆಂದು ಕರೆಸಿಕೊಳ್ಳುವ ಯೋಗ್ಯತೆ ಇತ್ತು. ಆಮೇಲೆ ಬೀದಿಗಳು ಹುಟ್ಟಿದವು, ಬೀದಿಗೊಂದು ಚರಂಡಿ ಹುಟ್ಟಿತು, ಚರಂಡಿಗಳೆಲ್ಲ ದಾರಿ ಕೇಳಿಕೊಂಡು ಕೆರೆಗೇ ಬಂದವು. ಏರಿಯ ಮೇಲೆ ಊರಿನ ಕಸ. ಸಂಜೆ ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಖೆ. ನಮ್ಮವರು ಟ್ರಕ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು, "ಮನೆ ಮಾರಿ ಬೇರೆ ಕಡೆ ಹೋಗೋಣ" ಎನ್ನುತ್ತಿದ್ದರು. "ಕೆರೆ ಹಾಳು ಮಾಡಿದ್ದು ಊರು, ಮನೆ ಬಿಡೋದು ನಾವಾ? ಸುತರಾಂ ಇಲ್ಲ" ಎನ್ನುತ್ತಿದ್ದೆ. ಅವರು ಪೇಪರ್ ಓದಲು ಕೂರುತ್ತಿದ್ದರು.

ಕೆರೆಯಾಚೆ ಸ್ವಲ್ಪ ದೂರದಲ್ಲಿ ಸಿಲೋನ್ ಕ್ಯಾಂಪು. ಊರವರ ಬಾಯಲ್ಲಿ ಅದರ ಹೆಸರು ಹಾಗೇ. ಶ್ರೀಲಂಕಾದಲ್ಲಿ ಯುದ್ಧ ನಡೆಯುತ್ತಿದ್ದಾಗ ದೋಣಿ ಹತ್ತಿ ಬಂದಿಳಿದ ತಮಿಳರನ್ನು ಸರ್ಕಾರ ಅಲ್ಲಲ್ಲಿ ಇಟ್ಟಿತಲ್ಲ, ಅಂಥದೊಂದು ಜಾಗ. ಸಾಲು ಮನೆ, ಒಂದೊಂದೇ ಕೋಣೆ, ಮೇಲೆ ಶೀಟು. ಗಂಡಸರು ಪೇಂಟಿಂಗ್ ಕೆಲಸಕ್ಕೆ ಹೋಗುತ್ತಾರೆ, ಹೆಂಗಸರು ಗುಲಾಬಿ ತೋಟಗಳಿಗೆ. ಅಧಿಕಾರಿ ಬಂದು ಹೆಸರು ಕೂಗುವ ದಿನ ಎಲ್ಲರೂ ಹಾಜರಿರಬೇಕು, ಅದಕ್ಕೆ ಅವರು ಚೆಕಿಂಗ್ ಅನ್ನುತ್ತಾರೆ. ಬೇರೆ ಊರಿನ ಮದುವೆಗೆ ಹೋಗಬೇಕಾದರೂ ಅಪ್ಪಣೆ ಬೇಕು. ಮಕ್ಕಳು ಹುಟ್ಟಿದ್ದು ಇಲ್ಲೇ, ಮೊಮ್ಮಕ್ಕಳು ಹುಟ್ಟಿದ್ದು ಇಲ್ಲೇ, ಆದರೂ ಈ ದೇಶದವರಲ್ಲ. ಹೆಂಗಿದೆ ನ್ಯಾಯ!

ಆ ಕ್ಯಾಂಪಿಗೊಬ್ಬರು ತಲೈವರ್ ಇರುತ್ತಾರೆ, ಅಂದರೆ ಮುಖಂಡರು. ಅಲ್ಲಿನವರೇ ಆರಿಸಿಕೊಂಡವರು. ಆ ವರ್ಷ ಆ ಪಟ್ಟ ಯೋಗರಾಣಿಗೆ. ಎಲ್ಲರಿಗೂ ಯೋಗಕ್ಕ. ಬರೆಯುವಾಗ ನನಗೆ ಅವಳ ವಿಷಯದಲ್ಲಿ ಏಕವಚನವೇ ಬರುತ್ತದೆ, ಬೈದಾಡುವಷ್ಟು ಹತ್ತಿರದವಳು. ದೋಣಿ ಇಳಿದಾಗ ಲಂಗದ ವಯಸ್ಸು, ನಾನು ನೋಡಿದಾಗ ತಲೆ ಅರ್ಧ ನರೆತಿತ್ತು. ಗುಲಾಬಿ ತೋಟದಲ್ಲಿ ನಮ್ಮ ಹೆಂಗಸರ ಜೊತೆ ದುಡಿದು ಕನ್ನಡ ಕಲಿತಿದ್ದಳು, ಬೈಗುಳ ಸಮೇತ. ಹೌದು ಎನ್ನಲು ಮಾತ್ರ ಅವರ ಕಡೆಯವರಂತೆ "ಓಂ" ಎನ್ನುತ್ತಿದ್ದಳು.

ಮುಂಗಾರು ಹನಿಯಲು ಶುರುವಾದಾಗ ನಗರಸಭೆಯವರು ಮನೆಮನೆಯ ಹಸಿ ಕಸ ಎತ್ತುವ ಕೆಲಸವನ್ನು ಹೆಂಗಸರ ಗುಂಪುಗಳಿಗೆ ಕೊಟ್ಟರು. ನಮ್ಮ ಬೀದಿಗಳು ಬಂದದ್ದು ಯೋಗಕ್ಕನ ಗುಂಪಿಗೆ. ಮೊದಲ ದಿನವೇ ತಳ್ಳುಗಾಡಿಯ ಮುಂದೆ ನಡೆಯುತ್ತ ಕೂಗಿದಳು: "ಹಸಿ ಬೇರೆ, ಒಣ ಬೇರೆ! ಕಲಸಿ ಕೊಟ್ಟೋರ ಕಸ ಅವರ ಬಾಗಿಲಿಗೇ!" ಬರೀ ಬಾಯಿಮಾತು ಎಂದುಕೊಂಡೆವು. ಮಾರನೆಯ ದಿನ ಮುನಿರಾಜು ಭಾವನ ಮನೆಯ ಚೀಲವನ್ನು ಗೇಟಿನ ಮುಂದೆ ಬಿಚ್ಚಿ ಸುರಿದಳು.

ಮುನಿರಾಜು ಭಾವ ಅಂದರೆ ನಮ್ಮವರ ದೊಡ್ಡಪ್ಪನ ಮಗ. ಮೋಟಾರು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು, ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು. ಕಾರ್ಖಾನೆ ಬಿಟ್ಟರೂ ಸೂಪರ್‌ವೈಸರಿಕೆ ಬಿಟ್ಟವರಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು ಹೊರಗೆ ಬಂದರು.

"ಯಾರಮ್ಮ ನೀನು? ನಮ್ಮ ಬಾಗ್ಲಿಗೆ ತಂದು ಕಸ ಸುರಿಯೋಳು?"

"ನಿಮ್ಮದೇ ಸಾರ್. ನಾನು ಒಂದು ಎಲೆನೂ ಸೇರಿಸಿಲ್ಲ. ಎಣಿಸಿ ನೋಡ್ಕೊಳ್ಳಿ."

ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ನಾನು ಜೋರಾಗಿ ನಕ್ಕುಬಿಟ್ಟೆ. ಭಾವ ತಲೆಯೆತ್ತಿ ನೋಡಿದರು. ಅವತ್ತೇ ಇಬ್ಬರ ಮೇಲೂ ಅವರಿಗೆ ಸಿಟ್ಟು ಕೂತಿತು.

ಕಸ ಎಲ್ಲಿಗೆ ಒಯ್ಯುತ್ತಾರೆ ನೋಡೋಣವೆಂದು ಒಂದು ಭಾನುವಾರ ಹಿಂದೆಯೇ ಹೋದೆ. ಚರಂಡಿ ನೀರು ಕೆರೆಗೆ ಬೀಳುವ ಮೂಲೆಯಲ್ಲಿ, ಊರಿನವರು ಮಲ ವಿಸರ್ಜನೆಗೆ ಬಿಟ್ಟರೆ ಬೇರೆ ಯಾತಕ್ಕೂ ಬಳಸದ ಜಾಗದಲ್ಲಿ, ಉದ್ದುದ್ದ ಗುಂಡಿ ತೋಡಿದ್ದರು. ತಳಕ್ಕೆ ಹಸಿ ಸೊಪ್ಪು, ಮೇಲೆ ನಮ್ಮ ಅಡುಗೆಮನೆಯ ಸಿಪ್ಪೆ, ಮಾರುಕಟ್ಟೆಯ ಹೂವು, ಅದರ ಮೇಲೆ ಸಗಣಿ ನೀರು, ಮತ್ತೆ ಸೊಪ್ಪು, ಮಣ್ಣು. "ಇದು ಯಾವ ಟ್ರೇನಿಂಗು?" ಎಂದು ಕೇಳಿದೆ.

"ಟ್ರೇನಿಂಗ್ ಏನು ಬಂತು ಟೀಚರ್? ನಮ್ಮೂರಲ್ಲಿ ಎಲೆ ಹೂಳದೆ ಹೊಗೆಸೊಪ್ಪೂ ಇಲ್ಲ, ಈರುಳ್ಳಿನೂ ಇಲ್ಲ. ನೀವು ಸತ್ತೋರನ್ನ ಹೂಳ್ತೀರಲ್ಲ, ಹಾಗೆ ನಾವು ಎಲೆನ ಹೂಳ್ತೀವಿ. ಸತ್ತೋರು ಎದ್ದು ಬರಲ್ಲ. ಇದು ಬರುತ್ತೆ."

ಚರಂಡಿಯ ಬಾಯಿಗೆ ಕಲ್ಲು ಜೋಡಿಸಿ, ಅದರ ಹಿಂದೆ ಲಾವಂಚದ ಬುಡಗಳನ್ನು ಒತ್ತೊತ್ತಾಗಿ ನೆಟ್ಟರು. ಮಳೆ ಚೆನ್ನಾಗಿ ಹಿಡಿಯುವ ಹೊತ್ತಿಗೆ ಬೇರು ಬಿಟ್ಟಿತು. ನೀರು ಒಮ್ಮೆಲೇ ಗಂಗೆಯಾಯಿತು ಎಂದು ಸುಳ್ಳು ಹೇಳುವುದಿಲ್ಲ, ಆದರೆ ಸಂಜೆ ಕಿಟಕಿ ತೆರೆಯುವ ಹಾಗಾಯಿತು. ನೀರುಕೋಳಿಗಳು ಬಂದವು. ನಮ್ಮವರು ಮನೆ ಮಾರುವ ಮಾತು ನಿಲ್ಲಿಸಿದರು. ನನ್ನ ತವರು ಸಾನಮಾವು ಕಾಡಿನ ಅಂಚಿನ ಹಳ್ಳಿ, ಅಲ್ಲಿ ತಮ್ಮ ಗೋಪಾಲ ರಾಗಿ, ಟೊಮೊಟೊ ಬೆಳೆಯುತ್ತಾನೆ. ಮೊದಲ ಗುಂಡಿಯ ಗೊಬ್ಬರ ತೆಗೆದಾಗ ಅವನೇ ಬಂದು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿದ. "ಅಕ್ಕಾ, ಇದ್ನ ಇನ್ಯಾರ್ಗೂ ಕೊಡ್ಬೇಡ ಅನ್ನು, ನಂಗೇ ಬೇಕು" ಎಂದ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಎಡವಿದ್ದು ಬೇಲಿಯಲ್ಲಿ.

ಗುಂಡಿಗಳ ಸುತ್ತ ಯೋಗಕ್ಕನ ಹೆಂಗಸರು ಗೊಬ್ಬರದ ಗಿಡದ ಗೂಟ ನೆಟ್ಟರು. ಗದ್ದೆ ಬದುವಿನಲ್ಲಿ ಬೆಳೆಸುತ್ತಾರಲ್ಲ, ಕಡಿದು ನೆಟ್ಟರೆ ಚಿಗುರುವ ಗಿಡ, ಅದೇ. ಅದರ ಸೊಪ್ಪೇ ಗುಂಡಿಗೆ ಬೇಕಾದದ್ದು. ಗೂಟಗಳಿಗೆ ಹೆಣೆದ ತೆಂಗಿನ ಗರಿ ಕಟ್ಟಿದರು. ನೋಡಲು ಎಷ್ಟು ಲಕ್ಷಣವಾಗಿತ್ತೆಂದರೆ ಒಳಗಿರುವುದು ಕಸದ ಗುಂಡಿ ಎಂದರೆ ನಂಬುವಂತಿರಲಿಲ್ಲ. ಕಟ್ಟುವುದಕ್ಕೂ ಒಂದು ಕ್ರಮ. ಒಬ್ಬರು ಒಳಗೆ ನಿಲ್ಲಬೇಕು, ಒಬ್ಬರು ಹೊರಗೆ. ತುದಿಯಲ್ಲಿ ಕಣ್ಣಿರುವ ಮೊಳದುದ್ದದ ಮರದ ಸೂಜಿ, ಅವರ ಮಾತಿನಲ್ಲಿ ಕುತ್ತೂಸಿ. ಅದಕ್ಕೆ ಹಗ್ಗ ಪೋಣಿಸಿ ಒಳಗಿನವರು ಚುಚ್ಚಿದರೆ ಹೊರಗಿನವರು ಹಿಡಿದು, ಹಗ್ಗ ಬಿಗಿದು, ಮರಳಿ ಒಳಕ್ಕೆ ಚುಚ್ಚಬೇಕು. ಅವತ್ತು ಹೊರಗೆ ನಿಂತವಳು ನಾನು. ಬೆರಳಿಗೆ ಚುಚ್ಚಿಸಿಕೊಂಡು ಬೈದೆ.

"ಸ್ವಲ್ಪ ನೋಡಿ ಹಿಡೀರಿ ಟೀಚರ್. ನಮ್ಮೂರಲ್ಲಿ ವರ್ಷಾ ವರ್ಷಾ ಬೇಲಿ ಬಿಚ್ಚಿ ಕಟ್ತೀವಿ. ಪಕ್ಕದ ಮನೆಯವರ ಜೊತೆ ಎಷ್ಟೇ ಜಗಳ ಇರಲಿ, ಅವತ್ತು ಅವರು ಆ ಕಡೆ ನಿಂತೇ ನಿಲ್ತಾರೆ. ಒಬ್ಬರೇ ಕಟ್ಟೋಕಾಗಲ್ಲ ಇದು."

ಮನೆ ಬಡವಾಗಿದ್ದರೂ ಬೇಲಿ ನೆಟ್ಟಗಿರಬೇಕು, ಬೇಲಿ ಇಲ್ಲದ ಜಾಗಕ್ಕೆ ಮಾನವಿಲ್ಲ ಎನ್ನುವ ಸೀಮೆಯಿಂದ ಬಂದವಳು ಅವಳು. ಆದರೆ ಬಂದು ನಿಂತದ್ದು ಹೊಸೂರಿನಲ್ಲಿ. ಇಲ್ಲಿ ನಾಲ್ಕು ಕಲ್ಲು ನೆಟ್ಟು ತಂತಿ ಎಳೆದವನೇ ಒಡೆಯ. ಇಲ್ಲಿ ಬೇಲಿಗೆ ಒಂದೇ ಅರ್ಥ. ಅದು ಅವಳ ತಲೆಗೆ ಹೊಳೆಯಲಿಲ್ಲ, ಕೈಯಲ್ಲಿ ಸೂಜಿ ಹಿಡಿದಿದ್ದ ನನಗೂ ಹೊಳೆಯಲಿಲ್ಲ. ಹೊಳೆದದ್ದು ಭಾವನಿಗೆ.

"ನೋಡ್ದೇನಮ್ಮ ಸರೋಜ, ಬೇಲಿ ಹಾಕ್ಬುಟ್ರು. ಇವತ್ತು ಬೇಲಿ, ನಾಳೆ ಗುಡಿಸ್ಲು, ನಾಳಿದ್ದು ಪಟ್ಟಾ ಕೊಡಿ ಅಂತಾರೆ. ನಾನೇನು ಊರು ನೋಡ್ದೋನಲ್ವಾ?"

"ಕೆರೆ ಜಾಗಕ್ಕೆ ಯಾರು ಪಟ್ಟಾ ಕೊಡ್ತಾರೆ ಭಾವ? ಅದೂ ಕ್ಯಾಂಪಿನವರ್ಗೆ?"

"ಅದೇ ನಾನೂ ಕೇಳ್ತಿರೋದು. ಈ ದೇಶದೋರೇ ಅಲ್ದೋರಿಗೆ ಕೆರೆ ಅಂಗಳದಾಗೆ ಬೇಲಿ ಯಾತಕ್ಕೆ?"

ಸಂಘದ ಹೆಸರಿನಲ್ಲಿ ದೂರು ಹೋಯಿತು. ಗುಂಡಿ ತೋಡುವಾಗ "ಮಾಡ್ಕೊಳ್ಳಿ ಅಮ್ಮ, ಒಳ್ಳೇ ಕೆಲಸ" ಎಂದಿದ್ದ ನಗರಸಭೆಯವರು ಈಗ ನಮಗೆ ಗೊತ್ತೇ ಇಲ್ಲ ಎಂದರು. ಬಾಯಲ್ಲಿ ಕೊಟ್ಟ ಅಪ್ಪಣೆ ಬಾಯಲ್ಲೇ ಕರಗಿತು. ಕಂದಾಯದ ಅಧಿಕಾರಿಯೊಬ್ಬರು ಯೋಗಕ್ಕನನ್ನು ಕರೆಸಿ, ಕೆರೆ ಒತ್ತುವರಿ ಎಂದು ಕೇಸಾದರೆ ಅವಳನ್ನೂ ಮನೆಯವರನ್ನೂ ದಕ್ಷಿಣದ ಯಾವುದೋ ಕ್ಯಾಂಪಿಗೆ ಹಾಕಬೇಕಾಗುತ್ತದೆ ಎಂದರಂತೆ.

ಅವತ್ತು ಶಾಲೆ ಬಿಟ್ಟು ಬರುವಾಗ ಏರಿಯ ಮೇಲೆ ಒಬ್ಬಳೇ ಕೂತಿದ್ದಳು. ಜೋರು ಬಾಯಿಯವರು ಸುಮ್ಮನಿದ್ದರೆ ನೋಡಲಾಗುವುದಿಲ್ಲ. ಪಕ್ಕದಲ್ಲಿ ಕೂತೆ.

"ಅಮ್ಮ ಹಾಸಿಗೆ ಹಿಡಿದಿದ್ದಾರೆ ಟೀಚರ್. ಎದ್ದು ಕೂರೋಕೂ ಆಗಲ್ಲ. ಕ್ಯಾಂಪಿಂದ ಕ್ಯಾಂಪಿಗೆ ಲಾರಿಲಿ ಹೇರಿಸ್ಕೊಂಡು ಸಾಕಾಗಿದೆ ಅವರಿಗೆ. ಇನ್ನೊಂದು ಸಲ ಲಾರಿ ಹತ್ತಿಸಿದ್ರೆ ಇಳಿಸೋದು ಹೆಣಾನೇ."

"ಬೇಲಿ ಕಿತ್ತುಬಿಡಿ ಯೋಗಕ್ಕ. ಜೀವಕ್ಕಿಂತ ಹೆಚ್ಚಾ?" ಎಂದೆ.

ತಿರುಗಿ ನೋಡಿದಳು. "ಕಿತ್ತರೆ ಕದ್ದಿದ್ದು ನಿಜ ಅಂತ ಆಗುತ್ತೆ. ನಾನು ಕದ್ದಿಲ್ಲ."

ನಾನು ನೆಟ್ಟಗೆ ಭಾವನ ಮನೆಗೆ ಹೋದೆ. ಅವರ ಹೆಂಡತಿ, ನಾನು ಅಕ್ಕ ಅನ್ನುವವರು, ಕಾಫಿ ತಂದಿಟ್ಟರು, ಮುಟ್ಟಲಿಲ್ಲ.

"ದೂರು ವಾಪಸ್ ತಗೊಳ್ಳಿ ಭಾವ."

"ನಂಗೇನು ಆಯಮ್ಮನ ಮ್ಯಾಲೆ ಹಗೆನಾ? ಕೆರೆ ಉಳೀಲಿ ಅಂತ ಕಣಮ್ಮ."

"ಕೆರೆ ಗಬ್ಬು ನಾರ್ತಿದ್ದಾಗ ಎಲ್ಲೋಗಿತ್ತು ಈ ಪ್ರೀತಿ? ಏರಿ ಮ್ಯಾಲೆ ಚೀಲ ಎಸೀತಿದ್ದೋರಲ್ಲಿ ನೀವೂ ಒಬ್ರು. ನಾನ್ ನೋಡಿಲ್ವಾ?"

"ದೊಡ್ಡೋರು ಚಿಕ್ಕೋರು ಅನ್ನೋದು ಬ್ಯಾಡ್ವಾ ನಿಂಗೆ?"

"ಬೇಕು. ಅದ್ಕೇ ಇನ್ನೂ ನೀವು ಅಂತಾನೇ ಮಾತಾಡ್ತಿದ್ದೀನಿ."

ಕಾಫಿ ಹಾಗೇ ಆರಿಹೋಯಿತು. ಎರಡೂ ಮನೆಗೆ ಮಾತು ನಿಂತಿತು. ನಮ್ಮವರು ಮಾತ್ರ ಸಂಜೆ ಅವರ ಗೇಟಿನ ಮುಂದೆ ಹಾದು ಹೋಗುವಾಗ ಕೆಮ್ಮುತ್ತಿದ್ದರು, ಅದು ಅವರ ರಾಜಿ ಪಂಚಾಯ್ತಿ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೇರೆ ಊರಲ್ಲಿ ಅದು ಹಬ್ಬ, ಹೊಸೂರಿನಲ್ಲಿ ಅದು ಜ್ವರ. ಯಂತ್ರದಿಂದ ಅನ್ನ ತಿನ್ನುವ ಊರು. ಕಾರ್ಖಾನೆಯ ಪ್ರೆಸ್ಸಿನಿಂದ ಹಿಡಿದು ಇಸ್ತ್ರಿಯವನ ಪೆಟ್ಟಿಗೆಯವರೆಗೆ ಎಲ್ಲಕ್ಕೂ ಹಾರ, ಎಲ್ಲಕ್ಕೂ ಬೂದುಗುಂಬಳ. ಬೀದಿಯಲ್ಲಿ ಒಡೆದ ಕುಂಬಳದ ಮೇಲೆ ಜಾರದೆ ನಡೆಯುವುದೇ ಒಂದು ವಿದ್ಯೆ. ಬಾಳೆಕಂದು, ಮಾವಿನ ಸೊಪ್ಪು, ಹೂವು. ಎರಡು ದಿನ ಊರು ಮದುಮಗಳು, ಮೂರನೆಯ ದಿನ ತಿಪ್ಪೆ.

ಪ್ರತಿವರ್ಷ ಆ ತಿಪ್ಪೆಯನ್ನು ಲಾರಿಗಳು ಎಲ್ಲಿಗೆ ಸಾಗಿಸುತ್ತಿದ್ದವೆಂದು ಯಾರೂ ಕೇಳಿರಲಿಲ್ಲ. ಸಾಗಣೆ ಗುತ್ತಿಗೆಯವನು ಸಾನಮಾವು ಕಡೆ ಕಾಡಿನಂಚಿಗೆ ಸುರಿಸುತ್ತಿದ್ದ. ಬಾಳೆಕಂದು, ಕುಂಬಳ ಅಂದರೆ ಆನೆಗೆ ಬಿಡುವುದುಂಟೆ? ಆ ವರ್ಷ ಆನೆಗಳು ಬೇಗನೇ ಬಂದವು. ಕಸ ತಿಂದು, ಹಾಗೇ ಮುಂದಕ್ಕೆ ಬಂದು ಗೋಪಾಲನ ರಾಗಿ ಹೊಲವನ್ನೂ ತುಳಿದು ಹೋದವು. ತೆನೆ ಆಗಷ್ಟೇ ಕಾಳು ಕಟ್ಟುತ್ತಿತ್ತು. ಹಳ್ಳಿಯವರು ರಸ್ತೆಗೆ ಅಡ್ಡ ಎತ್ತಿನಗಾಡಿ ನಿಲ್ಲಿಸಿ ಕೂತರು. ಫೋನಿನಲ್ಲಿ ಗೋಪಾಲ ಕಿರುಚಿದ: "ನಿಮ್ಮೂರ್ ಕಸ ನಿಮ್ಮೂರಲ್ಲೇ ಮಡಿಕ್ಕಳಿ ಅಕ್ಕಾ! ಒಂದು ಲಾರಿ ಬಂದ್ರೂ ಚಕ್ರದ್ ಗಾಳಿ ಬುಟ್ಬುಡ್ತೀವಿ!"

ಲಾರಿಗಳು ತುಂಬಿದ ಹೊಟ್ಟೆಯಲ್ಲೇ ವಾಪಸ್ ಬಂದವು. ಬೇರೆ ದಾರಿಯಿಲ್ಲದೆ ನಗರಸಭೆಯವರು ಯೋಗಕ್ಕನ ಗುಂಡಿಗಳ ಕಡೆಗೆ ತಿರುಗಿಸಿದರು. ಅವಳ ಹೆಂಗಸರು ಗುಲಾಬಿ ತೋಟಕ್ಕೆ ರಜೆ ಹಾಕಿ, ಮಳೆಯಲ್ಲೇ ಹೊಸ ಗುಂಡಿ ತೋಡುತ್ತ, ಹೂವು ಬೇರೆ, ಪ್ಲಾಸ್ಟಿಕ್ ದಾರ ಬೇರೆ ಮಾಡುತ್ತ ನಿಂತರು. ಬೇಲಿಯ ಒಳಗೆ ಬೆಟ್ಟ ಬೆಳೆಯಿತು. ಹೊರಗಿನಿಂದ ನೋಡಿದರೆ ಗರಿ, ಚಿಗುರು, ಅಷ್ಟೇ.

ಹಬ್ಬ ಮುಗಿದು ಕಚೇರಿ ತೆರೆದ ಬೆಳಿಗ್ಗೆ ಅದೇ ಕಂದಾಯದ ಅಧಿಕಾರಿ ಬಂದರು, ಬೇಲಿ ಕೀಳಿಸಲು. ಜೊತೆಗೊಂದು ಜೇಸಿಬಿ. ಅದರ ಹಲ್ಲಿಗೆ ಇನ್ನೂ ಚೆಂಡುಹೂವಿನ ಹಾರ ಇತ್ತು, ಹಣೆಗೆ ಅರಿಶಿನ ಕುಂಕುಮ. ಭಾವ, ಸಂಘದ ನಾಲ್ಕಾರು ಜನ, ನೋಡಲು ಬಂದ ಬೀದಿಯವರು, ನಾನು. ಯೋಗಕ್ಕ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಒಳಗಿನಿಂದ ಬಂದಳು.

"ಯಾರ್ ಹೇಳಿದ್ದು ನಿಮಗೆ ಬೇಲಿ ಹಾಕೋಕೆ?" ಎಂದು ಅಧಿಕಾರಿ ತಮಿಳಿನಲ್ಲಿ ಕೇಳಿದರು.

"ಯಾರೂ ಹೇಳಿಲ್ಲ." ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು, ನಮಗೆಲ್ಲ ಕೇಳಲಿ ಎಂದು. ಆಮೇಲೆ ಅವರಿಗಾಗಿ ತಮಿಳಿನಲ್ಲೂ ಅದನ್ನೇ ಹೇಳಿದಳು. "ಈ ಮಿಷನ್ ಆಚೆ ನಿಲ್ಲಿಸಿ. ಕಟ್ಟಿದ ಕೈಗೆ ಬಿಚ್ಚೋಕೂ ಬರುತ್ತೆ."

ಕೂಗಿ ಹೆಂಗಸರನ್ನು ಕರೆದಳು. ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಗಂಟು ಬಿಚ್ಚಿದರು. ಒಂದೂ ಗರಿ ಹರಿಯಲಿಲ್ಲ, ಮಡಚಿ ಅಟ್ಟಿ ಹಾಕಿದರು. ಗರಿ ಇಳಿಯುತ್ತಿದ್ದಂತೆ ಒಳಗಿದ್ದದ್ದು ಕಂಡಿತು. ಅಯ್ಯಪ್ಪಾ! ಹಬ್ಬದ ಇಡೀ ಊರು ಅಲ್ಲಿ ಬಿದ್ದಿತ್ತು. ಕೊಳೆತ ಹೂವು, ಒಡೆದ ಕುಂಬಳ, ಎಂಜಲೆಲೆ, ಅದರ ಮೇಲೆ ನೊಣದ ಚಾದರ. ಗಾಳಿ ನಮ್ಮ ಕಡೆಗೇ ಬೀಸಿತು. ಸಂಘದವರು ಮೂಗು ಮುಚ್ಚಿ ಹಿಂದೆ ಸರಿದರು.

ಯೋಗಕ್ಕ ಕೈ ಒರೆಸಿಕೊಂಡಳು.

"ಕ್ಯಾಂಪಲ್ಲಿ ನನ್ನ ಕೋಣೆಗೆ ಬೇಲಿ ಇಲ್ಲ ಸಾರ್. ಮೂವತ್ತು ವರ್ಷದ ಮೇಲಾಯ್ತು, ಹಾಕೋಕೆ ಬಿಟ್ಟಿಲ್ಲ. ಇಲ್ಲಿ ಹಾಕಿದ್ದು ನನಗೆ ಅಲ್ಲ. ನಿಮ್ಮ ಕಸ ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಹಾಕಿದ್ದು. ಬೇಡ ಅಂದ್ರಿ, ಬಿಚ್ಚಿದೀನಿ. ಈಗ ನೋಡ್ಕೊಳ್ಳಿ. ಚೆನ್ನಾಗಿ ನೋಡ್ಕೊಳ್ಳಿ."

ಹೆಂಗಸರನ್ನು ಕರೆದುಕೊಂಡು, ಸನಿಕೆ ಮಂಕರಿ ಹೊತ್ತುಕೊಂಡು ಏರಿ ಹತ್ತಿ ಕ್ಯಾಂಪಿನ ಕಡೆ ನಡೆದೇಬಿಟ್ಟಳು. ಅಧಿಕಾರಿ ಗೂಟ ಕೀಳಿಸಬೇಕೋ ಬೇಡವೋ ತಿಳಿಯದೆ ಜೇಸಿಬಿಯವನ ಮುಖ ನೋಡಿದರು. ಗೂಟಗಳೆಲ್ಲ ಚಿಗುರಿದ್ದವು. "ಮರ ಕೀಳೋಕೆ ಬೇರೆ ಆರ್ಡರ್ ಬೇಕಲ್ಲ ಸಾರ್" ಎಂದ ಅವನು. ಹಾರದ ಸಮೇತ ಜೇಸಿಬಿ ವಾಪಸ್ ಹೋಯಿತು.

ಮಾರನೆಯ ದಿನ ತಳ್ಳುಗಾಡಿ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಮಳೆ, ನಡುವೆ ಬಿಸಿಲು, ಮತ್ತೆ ಮಳೆ. ಲಾರಿಗಳು ಮಾರುಕಟ್ಟೆಯ ಹಿಂದೆ ಸಾಲಾಗಿ ನಿಂತು ಸೋರುತ್ತಿದ್ದವು. ಕೆರೆಯ ಮೂಲೆಯ ಬೆಟ್ಟದಿಂದ ಕಂದು ನೀರು ಇಳಿದು ಲಾವಂಚದ ಬುಡಕ್ಕೆ ಬಂತು. ಸಂಘದ ಕೆಲವರು, "ನೋಡಿ, ಕೈ ಕೊಟ್ಟು ಹೋದರು, ಆ ಜನವೇ ಹಾಗೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಅದನ್ನು ಕೇಳಿದ ಸಂಜೆಯೇ ನಾನು ಬೀದಿಯ ಹೆಂಗಸರ ಮನೆಮನೆ ಹತ್ತಿ ಇಳಿದೆ. ಯಾರನ್ನೂ ಬೇಡಿಕೊಳ್ಳಲಿಲ್ಲ. "ನಾಳೆ ಬೆಳಿಗ್ಗೆ ನಿಮ್ಮ ಬಕೆಟ್ ತಗೊಂಡು ಬನ್ನಿ" ಎಂದೆ, ಅಷ್ಟೇ.

ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರೆಲ್ಲ ಹಸಿ ಕಸದ ಬಕೆಟ್ ಹಿಡಿದು ಭಾವನ ಗೇಟಿನ ಮುಂದೆ ಸಾಲು ನಿಂತೆವು, ರೇಷನ್ ಅಂಗಡಿಗೆ ನಿಂತ ಹಾಗೆ. ತಮಿಳಿನವರು, ತೆಲುಗಿನವರು, ನಾವು. ನಾನೇ ಬೆಲ್ ಒತ್ತಿದೆ.

"ಅಧ್ಯಕ್ಷರೇ, ಎಲ್ಲಿ ಹಾಕೋಣ ಹೇಳಿ."

"ಏನಮ್ಮ ಇದು? ಮಾನ ತೆಗೀಬೇಕು ಅಂತಾನೇ ಬಂದಿದ್ದೀಯಾ?"

"ಇಲ್ಲ ಭಾವ, ಕಸ ಹಾಕೋಕೆ ಬಂದಿದ್ದೀವಿ. ಕೆರೆಗೆ ಹಾಕೋಂಗಿಲ್ಲ, ಅದು ನಿಮಗೆ ಪ್ರಾಣ. ಕಾಡಿಗೆ ಹಾಕೋಂಗಿಲ್ಲ, ಅಲ್ಲಿ ನನ್ನ ತಮ್ಮ ದೊಣ್ಣೆ ಹಿಡಿದು ಕೂತವ್ನೆ. ಹಾಕೋಕೆ ಗೊತ್ತಿದ್ದೋರ್ನ ನೀವು ಓಡಿಸಿದ್ರಿ. ಇನ್ನು ಉಳಿದಿರೋದು ನಿಮ್ಮ ಕಾಂಪೌಂಡು."

ಒಳಗಿನಿಂದ ಅಕ್ಕ ಬಂದರು. ಗಂಡನ ಮುಖ ನೋಡಲಿಲ್ಲ. ತಮ್ಮ ಮನೆಯ ಬಕೆಟ್ಟನ್ನೂ ತಂದು ನಮ್ಮ ಸಾಲಿನ ಕೊನೆಯಲ್ಲಿ ಇಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತುಬಿಟ್ಟರು. ಯಾರೋ ಕಿಸಕ್ಕನೆ ನಕ್ಕರು. ಭಾವ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಅಂಗಿ ಹಾಕಿಕೊಂಡು ಬಂದರು.

"ನಡಿಯಮ್ಮ, ಬತ್ತೀನಿ. ಆಯಮ್ಮನ್ನ ತೋರ್ಸು."

ಕ್ಯಾಂಪಿನೊಳಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು, ಇಷ್ಟು ವರ್ಷ ಪಕ್ಕದಲ್ಲೇ ಇದ್ದು. ಯೋಗಕ್ಕ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಳು. ಏಳಲಿಲ್ಲ. ಕುಡಿಸಿ ಮುಗಿಸಿ, ಬಾಯಿ ಒರೆಸಿ, ಆಮೇಲೆ ಬಾಗಿಲಿಗೆ ಬಂದಳು. ಭಾವ ಗಂಟಲು ಸರಿ ಮಾಡಿಕೊಂಡು, ದೂರು ವಾಪಸ್ ತಗೊಳ್ಳುತ್ತೇನೆ, ಬೇಲಿ ಸಂಘವೇ ಹಾಕಿಸಿದ್ದು ಅಂತ ಆಫೀಸಿನಲ್ಲಿ ಹೇಳಿಬಿಡುತ್ತೇನೆ, ಅಲ್ಲಿಗೆ ಯಾರಿಗೂ ತೊಂದರೆಯಿಲ್ಲ ಎಂದರು. ನನಗೆ ಜೀವ ಬಂದಂತಾಯಿತು. ಸುಮ್ಮನೆ ಓಂ ಅನ್ನು ಮಾರಾಯ್ತಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಬೇಡ" ಎಂದಳು ಯೋಗಕ್ಕ.

"ಬ್ಯಾಡ್ವಾ?"

"ಸಂಘದ್ದು ಅನ್ನಬೇಡಿ. ಸುಳ್ಳು ಅದು. ಕ್ಯಾಂಪಿನ ಹೆಂಗಸರು ಹಾಕಿದ್ರು, ನಮ್ಮ ಊರಿಗೋಸ್ಕರ ಹಾಕಿದ್ರು ಅನ್ನಿ. ಅದೇ ಸಾಹೇಬರ ಮುಂದೆ, ನಾನೂ ಅಲ್ಲೇ ನಿಂತಿರುವಾಗ ಅನ್ನಿ. ಆಗದೇ ಇದ್ರೆ ಹೋಗಿ ಸಾರ್, ಲಾರಿ ಕಳಿಸೋರು ಕಳಿಸಲಿ. ನಮ್ಮ ಅಮ್ಮ ಇದಕ್ಕಿಂತ ದೊಡ್ಡದನ್ನ ದಾಟಿ ಬಂದಿದ್ದಾರೆ."

ಹಾಸಿಗೆಯಲ್ಲಿದ್ದ ಮುದುಕಿ ಏನೋ ಕೇಳಿತು. ಯೋಗಕ್ಕ ಅವರ ಕಡೆಯ ತಮಿಳಿನಲ್ಲಿ ಹೇಳಿದಳು. ಮುದುಕಿ ಭಾವನ ಕಡೆ ನೋಡಿ ಸಣ್ಣಗೆ "ಓಂ" ಎಂದಿತು, ಮಗಳು ಹೇಳಿದ್ದು ಸರಿ ಎನ್ನುವ ಹಾಗೆ.

ಭಾವ ಹೋದರು. ಮೆಚ್ಚಲೇಬೇಕು, ಮಾತಿಗೆ ತಪ್ಪುವ ಮನುಷ್ಯನಲ್ಲ. ಅಧಿಕಾರಿಯ ಮೇಜಿನ ಮುಂದೆ ನಿಂತು ಅವಳು ಹೇಳಿಕೊಟ್ಟದ್ದನ್ನು ಹಾಗೇ ಹೇಳಿದರು, ನಾನೂ ಪಕ್ಕದಲ್ಲಿದ್ದೆ. ಅಧಿಕಾರಿ ತಲೆ ಕೆರೆದುಕೊಂಡು, ಇದು ನಗರಸಭೆಯ ಜಾಗ ಎಂದು ಒಂದು ಬೋರ್ಡು ಹಾಕಿ, ಗರಿ ಕಟ್ಟಿಕೊಳ್ಳಿ ಎಂದರು. "ಹಾಕಿ ಸಾರ್, ದೊಡ್ಡದಾಗೇ ಹಾಕಿ. ನಿಮ್ಮದು ಅಂತ ನಿಮಗೂ ನೆನಪಿರಲಿ" ಎಂದಳು ಯೋಗಕ್ಕ. ಬೇರೆ ಕ್ಯಾಂಪಿನ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಅಂದೇ ಮಧ್ಯಾಹ್ನ ಹೆಂಗಸರು ಗುಂಡಿಗಿಳಿದರು. ಗೋಪಾಲ ಟ್ರಾಕ್ಟರು ತಂದು, ತುಳಿದು ಹಾಳಾದ ರಾಗಿ ಹುಲ್ಲನ್ನೂ ಗುಂಡಿಗೆ ಹಾಕಿದ. "ಹೋಗಿದ್ದು ಹೋಯ್ತು, ಗೊಬ್ಬರವಾದ್ರೂ ಆಗ್ಲಿ" ಎನ್ನುವಾಗ ಅವನ ಕಣ್ಣು ಒದ್ದೆಯಾಗಿತ್ತು. ಕಾಡಿನಂಚಿಗೆ ಲಾರಿ ಹೋಗುವುದು ಆ ವರ್ಷದಿಂದ ನಿಂತಿತು.

ಬೇಲಿ ಕಟ್ಟುವ ಹೊತ್ತಿಗೆ ನಾನು ಎಂದಿನಂತೆ ಹೊರಗೆ ನಿಲ್ಲಲು ಹೋದೆ. ಯೋಗಕ್ಕ ತಡೆದಳು.

"ನೀವಲ್ಲ ಟೀಚರ್. ಅವರು."

ಭಾವ ಅತ್ತಿತ್ತ ನೋಡಿದರು. "ನಂಗೆಲ್ಲಿ ಬತ್ತದಮ್ಮ ಇದು. ಬೇಕಾದ್ರೆ ಒಳಗ್ ಬಂದು ಗರಿ ಹಿಡ್ಕಂತೀನಿ."

"ಬೇಡ. ಒಳಗೆ ನಾನಿರ್ತೀನಿ." ಗೂಟಗಳ ನಡುವೆ ನಿಂತು ಅವಳು ಅವರನ್ನು ನೇರವಾಗಿ ನೋಡಿದಳು. "ಮೂವತ್ತು ವರ್ಷ ನಾನು ಹೊರಗೆ ನಿಂತಿದ್ದೀನಿ ಸಾರ್. ಒಂದು ಮಧ್ಯಾಹ್ನ ನೀವು ನಿಲ್ಲಿ."

ಭಾವ ನಿಂತರು. ಕುತ್ತೂಸಿ ಗರಿಯನ್ನು ಸೀಳಿಕೊಂಡು ಹೊರಗೆ ಬಂತು, ಹಿಡಿದರು, ಹಗ್ಗ ಬಿಗಿದರು, ಮರಳಿ ಚುಚ್ಚಿದರು. "ಗಂಟು ಸಡಿಲ! ಮತ್ತೆ ಹಾಕಿ!" ಎಂದು ಒಳಗಿನಿಂದ ಬೈಗುಳ ಬಂತು. ಮತ್ತೆ ಹಾಕಿದರು. ಸಂಜೆಯವರೆಗೂ ಅವರಿಗೆ ಅವಳ ಮುಖ ಕಾಣಲಿಲ್ಲ, ದನಿ ಮಾತ್ರ ಕೇಳುತ್ತಿತ್ತು.

ಆಮೇಲೆ ವರ್ಷಗಳು ಹೋದವು. ಮುದುಕಿ ತೀರಿಕೊಂಡಿತು, ಅದೇ ಕೋಣೆಯಲ್ಲಿ, ಲಾರಿ ಹತ್ತದೆ. ಗೂಟಗಳು ಮರವಾಗಿವೆ. ಯೋಗಕ್ಕ ಇಂದಿಗೂ ಚೆಕಿಂಗ್ ದಿನ ಸಾಲಿನಲ್ಲಿ ನಿಂತು ಹೆಸರು ಕೂಗಿಸಿಕೊಳ್ಳುತ್ತಾಳೆ, ಇಂದಿಗೂ ಈ ದೇಶದವಳಲ್ಲ. ಒಂದು ಊರು ತಾನು ಹೊಲಸು ಮಾಡಿದ ನೀರನ್ನು ತೊಳೆದವಳಿಗೆ ನೀನು ನಮ್ಮವಳು ಎಂದು ಬರೆದುಕೊಡಲಾರದು. ನನಗೆ ಆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.

ಮೊನ್ನೆ ಮಾರುಕಟ್ಟೆಯಿಂದ ಮನೆಗೆ ಹೋಗಲಿಲ್ಲ. ತರಕಾರಿ ಚೀಲ ಹಿಡಿದೇ ಕೆರೆಯ ಕಡೆ ತಿರುಗಿದೆ. ಹಬ್ಬದ ಮಾರನೆಯ ವಾರ ಅಲ್ಲಿ ಬೇಲಿ ಬಿಚ್ಚಿ ಕಟ್ಟುತ್ತಾರೆಂದು ಗೊತ್ತು. ಭಾವನಿಗೆ ಈಗ ಮಂಡಿ ನೋವು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೂತದ್ದು ಹೊರಗಡೆಯೇ, ಕೈಯಲ್ಲಿ ಹಗ್ಗ. ನನ್ನನ್ನು ಕಂಡು, "ಬೇಗ ಬಾರಮ್ಮ, ಆಯಮ್ಮ ಬಯ್ತಾ ಅವಳೆ" ಎಂದರು. ಚೀಲ ಕೆಳಗಿಟ್ಟು ಅವರ ಪಕ್ಕ ನಿಂತೆ. ಗರಿಯಾಚೆಯಿಂದ ಕುತ್ತೂಸಿಯ ತುದಿ ಬಂತು.